ತಾಲ್ಲೂಕು ಕಾಲೇಜಿನಲ್ಲಿ ಕರಗುತ್ತಿರುವ ಪದವಿಯ ಆಯ್ಕೆಗಳು

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ‘ಮುಂದೇನು ಓದಬೇಕು’ ಎಂಬ ಪುಟಗಳು ಎಲ್ಲ ಪತ್ರಿಕೆಗಳಲ್ಲಿಯೂ ಬರುತ್ತವೆ, ತಮ್ಮ ಪತ್ರಿಕೆಯಲ್ಲಿಯೂ ಬರುತ್ತಿವೆ. ಡೇಟಾ ಸೈನ್ಸ್, ಕೃತಕ ಬುದ್ಧಿಮತ್ತೆ, ಡಿಸೈನ್, ಆನ್‌ಲೈನ್ ಪದವಿ, ಏಕಕಾಲಕ್ಕೆ ಎರಡು ಪದವಿ ಎಂದು ಆಯ್ಕೆಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಮೂವತ್ತೊಂದು ವರ್ಷ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಕಲಿಸಿ, ಅದರಲ್ಲಿ ಹೆಚ್ಚಿನ ವರ್ಷ ಪ್ರವೇಶ ಸಮಿತಿಯಲ್ಲಿಯೂ ಕೆಲಸ ಮಾಡಿದ ನನಗೆ, ಆ ಪುಟಗಳಲ್ಲಿ ಕಾಣುವ ಪಟ್ಟಿಗೂ ತಾಲ್ಲೂಕು ಕೇಂದ್ರದ ವಿದ್ಯಾರ್ಥಿಯ ಮುಂದೆ ನಿಜವಾಗಿ ಇರುವ ಪಟ್ಟಿಗೂ ನಡುವಿನ ಅಂತರ ಹೆಚ್ಚುತ್ತಲೇ ಹೋಗುತ್ತಿದೆ ಎಂದು ಹೇಳದೆ ಇರಲಾಗುತ್ತಿಲ್ಲ. ಉನ್ನತ ಶಿಕ್ಷಣದ ಉದ್ದೇಶ ಏನು ಎಂಬ ಚರ್ಚೆಯೂ ಈ ಅಂತರವನ್ನು ಬಿಟ್ಟು ನಡೆಯುತ್ತಿದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, 1992ರ ಆಸುಪಾಸಿನಲ್ಲಿ, ಮಗನನ್ನೋ ಮಗಳನ್ನೋ ಕರೆದುಕೊಂಡು ಬಂದ ತಂದೆಯರು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಸಾರ್, ಯಾವ ಕಾಂಬಿನೇಷನ್ ತಗೊಂಡ್ರೆ ಬಿ.ಎಡ್.ಗೆ ಅನುಕೂಲ?’ ಹತ್ತು ಹನ್ನೆರಡು ವರ್ಷಗಳ ನಂತರ ಅದೇ ಊರುಗಳ ಜನ ‘ಬೆಂಗಳೂರಲ್ಲಿ ಕೆಲಸ ಸಿಗೋದು ಯಾವುದಕ್ಕೆ?’ ಎಂದು ಕೇಳತೊಡಗಿದರು. ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ‘ಇಲ್ಲಿ ಪ್ಲೇಸ್‌ಮೆಂಟ್ ಇದೆಯಾ?’ ಎಂಬುದೇ ಮೊದಲ ಮಾತಾಗಿತ್ತು. ಅಲ್ಲಿ ಏನನ್ನು ಕಲಿಸುತ್ತಾರೆ ಎಂದು ಕೇಳಿದವರು ಬೆರಳೆಣಿಕೆಯಷ್ಟು. ಅದಕ್ಕಾಗಿ ನಾನು ಯಾರನ್ನೂ ದೂರುವುದಿಲ್ಲ. ಎರಡು ಎಕರೆ ಖುಷ್ಕಿ ಜಮೀನಿನ ಮನೆಯಿಂದ ಮೊದಲ ಸಲ ಒಬ್ಬರು ಪದವಿಗೆ ಸೇರುತ್ತಿರುವಾಗ, ಮೂರು ವರ್ಷ ದುಡಿಮೆ ಬಿಟ್ಟು ಓದಿದ್ದರ ಫಲವೇನು ಎಂದು ಕೇಳುವುದು ಆ ತಂದೆಯ ಹಕ್ಕು.

ಉದ್ಯೋಗಕ್ಕಾಗಿ ಓದುವುದು ಇತ್ತೀಚಿನ ಕೇಡು, ಹಿಂದೆ ಎಲ್ಲರೂ ಜ್ಞಾನಕ್ಕಾಗಿಯೇ ಓದುತ್ತಿದ್ದರು ಎಂದು ನನ್ನ ವಯಸ್ಸಿನವರು ಹೇಳುವುದುಂಟು. ನಮ್ಮ ನಾಡಿನ ಚರಿತ್ರೆ ಹಾಗೆ ಹೇಳುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾಯಿತು. ಮರುವರ್ಷವೇ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜೂ ಶುರುವಾಯಿತು. ತತ್ತ್ವಶಾಸ್ತ್ರ, ಚರಿತ್ರೆ, ಗಣಿತಗಳನ್ನು ಕಲಿಸುವ ಕೆಲಸವೂ ಅಣೆಕಟ್ಟು, ರಸ್ತೆ, ಕಾರ್ಖಾನೆಗಳಿಗೆ ಜನರನ್ನು ತಯಾರು ಮಾಡುವ ಕೆಲಸವೂ ಒಂದೇ ಸರ್ಕಾರದ ಒಂದೇ ಯೋಚನೆಯಿಂದ ಬಂದವು. ಅದೇ ವಿಶ್ವವಿದ್ಯಾಲಯ 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳ ಮೂಲಕ ತನ್ನ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ಆ ಉಪನ್ಯಾಸಗಳನ್ನು ಕನ್ನಡದ ಚಿಕ್ಕ ಪುಸ್ತಕಗಳನ್ನಾಗಿ ಅಚ್ಚು ಹಾಕಿಸಿ ಹಂಚಿತು. ಕಾಲೇಜಿನ ಮೆಟ್ಟಿಲು ಹತ್ತಲಾಗದವರಿಗೂ ವಿಶ್ವವಿದ್ಯಾಲಯ ಋಣಿ ಎಂಬ ತಿಳಿವಳಿಕೆ ಅದರ ಹಿಂದೆ ಇತ್ತು. ಕಸುಬು, ಅರಿವು, ಊರಿನ ಋಣ ಎಂಬ ಈ ಮೂರರಲ್ಲಿ ಇಂದು ಮೊದಲನೆಯದು ಮಾತ್ರ ಉಳಿದು, ಅದೂ ‘ಯಾವ ಕೋರ್ಸಿಗೆ ಈ ವರ್ಷ ಬೇಡಿಕೆ’ ಎಂಬಷ್ಟಕ್ಕೆ ಕುಗ್ಗಿರುವುದು ನನ್ನ ಕಳವಳ.

ಬೇಡಿಕೆಯ ಹಿಂದೆ ಓಡಿದರೆ ಏನಾಗುತ್ತದೆ ಎಂಬುದಕ್ಕೆ ಹೊರಗಿನ ಉದಾಹರಣೆ ಬೇಕಿಲ್ಲ, ಪ್ರಾಥಮಿಕ ಶಾಲೆಯ ಶಿಕ್ಷಕರ ತರಬೇತಿಯಾದ ಟಿಸಿಎಚ್ ಒಂದೇ ಸಾಕು. ತೊಂಬತ್ತರ ದಶಕದಲ್ಲಿ ಮತ್ತು ಅದರ ನಂತರದ ಕೆಲವು ವರ್ಷಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಟಿಸಿಎಚ್ ಸೀಟು ಸಿಕ್ಕಿತೆಂದರೆ ಹಬ್ಬ. ಮಾಸ್ತರಿಕೆ ಖಾತ್ರಿ ಎಂಬ ನಂಬಿಕೆಯಿಂದ ಹೊಲ ಅಡವಿಟ್ಟು ಸೀಟು ಪಡೆದವರಿದ್ದಾರೆ, ಬಿ.ಎ. ಮೊದಲ ವರ್ಷದಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗರು ನಡುವೆಯೇ ಕಾಲೇಜು ಬಿಟ್ಟು ಹೋದದ್ದನ್ನು ನಾನು ಹಾಜರಿ ಪುಸ್ತಕದಲ್ಲಿ ಕಂಡಿದ್ದೇನೆ. ಆ ಆಸೆಯನ್ನು ನೆಚ್ಚಿ ಖಾಸಗಿ ಶಿಕ್ಷಕರ ತರಬೇತಿ ಸಂಸ್ಥೆಗಳು ಊರೂರಿನಲ್ಲಿ ಎದ್ದವು. ಸರ್ಕಾರಿ ನೇಮಕಾತಿ ನಿಧಾನವಾಯಿತು, ತರಬೇತಿ ಪಡೆದವರ ಸಂಖ್ಯೆ ಹುದ್ದೆಗಳನ್ನು ಎಷ್ಟೋ ಪಟ್ಟು ಮೀರಿತು, ಕೋರ್ಸಿನ ಹೆಸರು ಡಿ.ಎಡ್. ಎಂದೂ ನಂತರ ಡಿ.ಎಲ್.ಎಡ್. ಎಂದೂ ಬದಲಾಗುವಷ್ಟರಲ್ಲಿ ಸಂಸ್ಥೆಗಳು ವಿದ್ಯಾರ್ಥಿಗಳಿಲ್ಲದೆ ಒಂದೊಂದಾಗಿ ಮುಚ್ಚಿದವು. ನನ್ನ ವಿದ್ಯಾರ್ಥಿಗಳಲ್ಲಿಯೇ ಟಿಸಿಎಚ್ ಮುಗಿಸಿ ಹದಿನೈದು ವರ್ಷ ಖಾಸಗಿ ಶಾಲೆಯಲ್ಲಿ ಅತಿ ಕಡಿಮೆ ಸಂಬಳಕ್ಕೆ ದುಡಿದು, ಕೊನೆಗೆ ಕಿರಾಣಿ ಅಂಗಡಿ ಇಟ್ಟುಕೊಂಡವರಿದ್ದಾರೆ. ಅವರ ಬುದ್ಧಿಗೆ ಏನೂ ಕೊರತೆಯಿರಲಿಲ್ಲ. ಒಂದೇ ಕೆಲಸಕ್ಕೆ ಹೊಂದುವ ಓದನ್ನು ಅವರಿಗೆ ಕೊಡಲಾಗಿತ್ತು, ಆ ಕೆಲಸ ಇಲ್ಲವಾದಾಗ ಕೈಯಲ್ಲಿ ಬೇರೆ ಏನೂ ಉಳಿಯಲಿಲ್ಲ.

ಈಗ ಅದೇ ಓಟ ಕಂಪ್ಯೂಟರ್ ಕಡೆಗೆ ತಿರುಗಿದೆ. ಇಂಜಿನಿಯರಿಂಗ್ ಸೀಟುಗಳ ವ್ಯಾಪಾರಕ್ಕೆ ಕರ್ನಾಟಕ ಒಮ್ಮೆ ದೇಶದಲ್ಲಿಯೇ ಹೆಸರಾಗಿತ್ತು. ಸೀಟಿಗಾಗಿ ವಸೂಲು ಮಾಡುವ ಹೆಚ್ಚುವರಿ ಹಣದ, ಅಂದರೆ ಕ್ಯಾಪಿಟೇಶನ್ ಶುಲ್ಕದ, ವಿರುದ್ಧ 1984ರಲ್ಲಿ ಕಾಯ್ದೆ ತಂದ ರಾಜ್ಯವೂ ನಮ್ಮದೇ, 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣವನ್ನು ಹಕ್ಕು ಎಂದು ಎತ್ತಿಹಿಡಿದ ಮೋಹಿನಿ ಜೈನ್ ಪ್ರಕರಣ ಹುಟ್ಟಿದ್ದೂ ಇಲ್ಲಿಯೇ. ಸಿಇಟಿ ಬಂದ ಮೇಲೆ ಹಳ್ಳಿಯ ಬಡ ಮಕ್ಕಳಿಗೂ ಇಂಜಿನಿಯರಿಂಗ್ ಸೀಟು ಸಿಕ್ಕಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ 2024-25ರಿಂದ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ಒಂದೊಂದು ವಿಭಾಗಕ್ಕೆ ಇದ್ದ ಸೀಟುಗಳ ಮಿತಿಯನ್ನು ತೆಗೆದುಹಾಕಿದ ಮೇಲೆ ದೊಡ್ಡ ನಗರಗಳ ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಸೀಟುಗಳನ್ನು ಹೆಚ್ಚಿಸಿಕೊಳ್ಳುತ್ತಿವೆ, ಸಿವಿಲ್ ಮತ್ತು ಮೆಕ್ಯಾನಿಕಲ್ ಸೀಟುಗಳು ಖಾಲಿ ಉಳಿಯುತ್ತಿವೆ. ಇದರ ಪರಿಣಾಮ ಇಂಜಿನಿಯರಿಂಗ್ ಕಾಲೇಜುಗಳಿಗೆ ಮಾತ್ರ ಸೀಮಿತವಲ್ಲ. ಅಲ್ಲಿ ಸೀಟು ಸಿಗದವರು ಬಿಸಿಎ ಸೇರುತ್ತಾರೆ, ಬಿಸಿಎ ಇರುವಲ್ಲಿ ಬಿ.ಎಸ್ಸಿ. ಖಾಲಿಯಾಗುತ್ತದೆ, ಬಿ.ಎಸ್ಸಿ. ಖಾಲಿಯಾದಲ್ಲಿ ಅದನ್ನು ಮುಚ್ಚುವ ಮಾತು ಬರುತ್ತದೆ.

ನಾನು ಈಗ ವಾಸವಾಗಿರುವ ಊರಿನಲ್ಲಿ ಆದದ್ದೂ ಅದೇ. ಎರಡು ವರ್ಷಗಳ ಹಿಂದೆ ಇಲ್ಲಿನ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಕಾಂಬಿನೇಷನ್ನಿಗೆ ಒಂಬತ್ತು ಮಂದಿ ಮಾತ್ರ ಅರ್ಜಿ ಹಾಕಿದರು. ಸಂಖ್ಯೆ ಸಾಲದೆಂದು ಆ ವರ್ಷ ಪ್ರವೇಶ ನಿಲ್ಲಿಸಲಾಯಿತು. ಒಮ್ಮೆ ನಿಂತದ್ದು ಮತ್ತೆ ಶುರುವಾಗಲಿಲ್ಲ. ಆ ಒಂಬತ್ತರಲ್ಲಿ ಒಬ್ಬಳು ನಮ್ಮ ಬೀದಿಯ ಹುಡುಗಿ, ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ ತೊಂಬತ್ತರ ಮೇಲೆ ಅಂಕ ಪಡೆದವಳು. ಜಿಲ್ಲಾ ಕೇಂದ್ರ ಐವತ್ತು ಕಿಲೋಮೀಟರ್ ದೂರ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಬಸ್ಸಿಗೆ ಹಣ ಕೊಡಬೇಕಾಗಿಲ್ಲವೆಂಬುದು ನಿಜ, ಹುಡುಗಿಯರ ಓದಿಗೆ ಅದರಿಂದ ಆದ ಉಪಕಾರವನ್ನು ನಾನು ಪ್ರತಿದಿನ ನಿಲ್ದಾಣದಲ್ಲಿ ಕಾಣುತ್ತೇನೆ. ಆದರೆ ಪ್ರಯೋಗಾಲಯದ ತರಗತಿ ಸಂಜೆ ಐದಕ್ಕೆ ಮುಗಿದರೆ ಮನೆ ಸೇರುವಾಗ ಕತ್ತಲಾಗುತ್ತದೆ, ಹಾಸ್ಟೆಲ್ ಸೀಟು ಸಿಗುವ ಭರವಸೆಯಿಲ್ಲ. ಮನೆಯವರು ಒಪ್ಪಲಿಲ್ಲ. ಅವಳು ಈಗ ಇದೇ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಬಿ.ಕಾಂ. ಕೀಳೆಂದು ನಾನು ಹೇಳುತ್ತಿಲ್ಲ. ಅವಳು ಅದನ್ನು ಆಯ್ದುಕೊಳ್ಳಲಿಲ್ಲ ಎಂಬುದಷ್ಟೇ ನನ್ನ ಮಾತು.

ಒಂಬತ್ತು ಮಂದಿಗಾಗಿ ಮೂರು ವಿಭಾಗಗಳನ್ನು ನಡೆಸುವುದು ದುಂದು ಎಂದು ಕೇಳಿದರೆ, ಅರ್ಥಶಾಸ್ತ್ರ ಕಲಿಸಿದವನಾಗಿ ನಾನು ಆ ಲೆಕ್ಕವನ್ನು ತಳ್ಳಿಹಾಕಲಾರೆ. ಆದರೆ ಲೆಕ್ಕ ಪೂರ್ತಿಯಾಗಿರಲಿ. ತಾಲ್ಲೂಕಿನ ಪ್ರೌಢಶಾಲೆಗಳಿಗೆ ಗಣಿತ, ವಿಜ್ಞಾನ ಕಲಿಸುವವರು ಬರುವುದು ಬಿ.ಎಸ್ಸಿ. ಮಾಡಿದವರಿಂದ. ಬಿ.ಎಸ್ಸಿ. ಮುಚ್ಚಿದ ತಾಲ್ಲೂಕಿನಲ್ಲಿ ಹತ್ತು ವರ್ಷಗಳ ನಂತರ ಪ್ರೌಢಶಾಲೆಯ ಗಣಿತ ಶಿಕ್ಷಕರ ಹುದ್ದೆ ಖಾಲಿ ಬೀಳುತ್ತದೆ, ಆ ಶಾಲೆಯ ಮಕ್ಕಳು ಗಣಿತಕ್ಕೆ ಹೆದರಿ ಪಿಯುಸಿಯಲ್ಲಿ ವಿಜ್ಞಾನ ಬಿಡುತ್ತಾರೆ, ಆಗ ‘ವಿಜ್ಞಾನಕ್ಕೆ ಬೇಡಿಕೆಯಿಲ್ಲ’ ಎಂಬ ಮಾತು ತಾನಾಗಿಯೇ ನಿಜವಾಗುತ್ತದೆ. ಒಂದು ವರ್ಷದ ಪ್ರವೇಶ ಸಂಖ್ಯೆಯನ್ನು ನೋಡಿ ತೆಗೆದುಕೊಳ್ಳುವ ತೀರ್ಮಾನದಲ್ಲಿ ಈ ಹತ್ತು ವರ್ಷಗಳ ನಷ್ಟ ಎಲ್ಲಿಯೂ ಬರೆದಿರುವುದಿಲ್ಲ.

ನಮ್ಮಲ್ಲಿ ಕಾಲೇಜುಗಳ ಕೊರತೆಯಿಲ್ಲ ಎಂದು ಅಂಕಿಅಂಶ ತೋರಿಸುತ್ತಾರೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 18ರಿಂದ 23 ವಯಸ್ಸಿನ ಪ್ರತಿ ಲಕ್ಷ ಜನಕ್ಕೆ ದೇಶದಲ್ಲಿ ಸರಾಸರಿ 30 ಕಾಲೇಜುಗಳಿದ್ದರೆ ಕರ್ನಾಟಕದಲ್ಲಿ 66 ಇವೆ. ಹೆಮ್ಮೆಯ ಸಂಗತಿ. ಆದರೆ ದೇಶದ ಜಿಲ್ಲೆಗಳ ಪೈಕಿ ಅತಿ ಹೆಚ್ಚು ಕಾಲೇಜುಗಳಿರುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ, ಸಾವಿರಕ್ಕೂ ಹೆಚ್ಚು, ಎಂಬುದನ್ನೂ ಅದೇ ಸಮೀಕ್ಷೆ ಹೇಳುತ್ತದೆ. ಹೊಳಲ್ಕೆರೆಯ ಹುಡುಗನಿಗೂ ಮೊಳಕಾಲ್ಮುರಿನ ಹುಡುಗಿಗೂ ರಾಜ್ಯದ ಸರಾಸರಿಯಿಂದ ಆಗುವ ಪ್ರಯೋಜನವೇನು?

ಇನ್ನು ಕೋರ್ಸುಗಳ ರೂಪವನ್ನೇ ಮೂರು ವರ್ಷದಲ್ಲಿ ಎರಡು ಸಲ ಬದಲಿಸಿದ ವಿಚಾರ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿಯೇ ಮೊದಲು ಜಾರಿ ಮಾಡಿದ ರಾಜ್ಯವೆಂದು 2021ರಲ್ಲಿ ನಾವು ನಾಲ್ಕು ವರ್ಷದ ಪದವಿ ತಂದೆವು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಚರಿತ್ರೆಯ ವಿದ್ಯಾರ್ಥಿ ವಿಜ್ಞಾನದ ಒಂದು ವಿಷಯವನ್ನೂ, ವಾಣಿಜ್ಯದ ವಿದ್ಯಾರ್ಥಿ ಸಾಹಿತ್ಯವನ್ನೂ ಮುಕ್ತ ಆಯ್ಕೆಯಾಗಿ ಓದಬಹುದು. ಆ ಆಶಯ ನನಗೆ ನಿಜವಾಗಿಯೂ ಇಷ್ಟವಾಗಿತ್ತು. ನಡೆದದ್ದು ಬೇರೆ. ಯಾವ ಅಧ್ಯಾಪಕರಿಗೆ ಕಾರ್ಯಭಾರ ಕಡಿಮೆಯಿದೆಯೋ ಅವರ ವಿಷಯವೇ ಎಲ್ಲ ವಿದ್ಯಾರ್ಥಿಗಳ ‘ಮುಕ್ತ ಆಯ್ಕೆ’ಯಾಯಿತು, ಏಕೆಂದರೆ ಬೇರೆ ವಿಷಯ ಕಲಿಸಲು ಯಾರೂ ಇರಲಿಲ್ಲ. ಡಿಜಿಟಲ್ ಫ್ಲೂಯೆನ್ಸಿ ಎಂಬ ವಿಷಯವನ್ನು ಕಂಪ್ಯೂಟರ್ ಇಲ್ಲದ ಕೊಠಡಿಯಲ್ಲಿ ಕಪ್ಪು ಹಲಗೆಯ ಮೇಲೆ ಕಲಿಸಿದ್ದನ್ನು ನಾನೇ ಕಂಡಿದ್ದೇನೆ. ಕಲಿಸಿದ ಆ ಸಹೋದ್ಯೋಗಿಯ ತಪ್ಪೇನೂ ಅದರಲ್ಲಿರಲಿಲ್ಲ. ಸರ್ಕಾರ ಬದಲಾದ ಮೇಲೆ ಪ್ರೊ. ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು, ಅದರ ಮಧ್ಯಂತರ ವರದಿಯ ಮೇರೆಗೆ 2024-25ರಿಂದ ಮೂರು ವರ್ಷದ ಪದವಿ ಮರಳಿತು, ಆಯೋಗದ ಅಂತಿಮ ವರದಿ 2025ರ ಆಗಸ್ಟ್‌ನಲ್ಲಿ ಸಲ್ಲಿಕೆಯಾಯಿತು. ಒಂದೇ ಕಾರಿಡಾರಿನಲ್ಲಿ ಅಕ್ಕ ಒಂದು ನೀತಿಯಲ್ಲಿ, ತಂಗಿ ಇನ್ನೊಂದು ನೀತಿಯಲ್ಲಿ ಓದಿದ ಮನೆಗಳಿವೆ.

ಮೂರು ವರ್ಷವೋ ನಾಲ್ಕು ವರ್ಷವೋ ಎಂಬುದರಲ್ಲಿ ನನ್ನ ಒಲವು ಮೂರರ ಕಡೆಗಿದೆ. ಬಡ ಮನೆಗೆ ನಾಲ್ಕನೆಯ ವರ್ಷ ಒಂದು ವರ್ಷದ ಕೂಲಿ ತಪ್ಪಿದಂತೆ. ಸಂಶೋಧನೆಯ ಕಡೆಗೆ ಹೋಗುವವರು ಸ್ನಾತಕೋತ್ತರ ಪದವಿಯ ಮೂಲಕ ಹೋಗಬಹುದು. ಆದರೆ ಈ ವಾದವನ್ನು ನಾನು ದೊಡ್ಡದು ಮಾಡುವುದಿಲ್ಲ. ತರಗತಿಯಲ್ಲಿ ಅಧ್ಯಾಪಕರಿಲ್ಲದಿದ್ದರೆ ಮೂರೂ ವ್ಯರ್ಥ, ನಾಲ್ಕೂ ವ್ಯರ್ಥ.

ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವುಗಳನ್ನು ನಡೆಸುತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚಿನ ಅತಿಥಿ ಉಪನ್ಯಾಸಕರು. ಹತ್ತು ಹದಿನೈದು ವರ್ಷ ಕಲಿಸಿದ ಮೇಲೂ ಪ್ರತಿವರ್ಷ ಕೌನ್ಸೆಲಿಂಗ್‌ಗಾಗಿ ಕಾದು, ಮುಂದಿನ ವರ್ಷ ಯಾವ ಊರು, ಕೆಲಸ ಇದೆಯೋ ಇಲ್ಲವೋ ಎಂದು ತಿಳಿಯದೆ ಬದುಕುವ ಇವರು 2023ರ ಕೊನೆಯಲ್ಲಿ ಸೇವಾಭದ್ರತೆಗಾಗಿ ಒಂದು ತಿಂಗಳಿಗೂ ಹೆಚ್ಚು ಕಾಲ ಮುಷ್ಕರ ಹೂಡಿದಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತು. ವಿದ್ಯಾರ್ಥಿಗೆ ‘ಯಾವ ವಿಷಯ ತಗೊಳ್ಳಲಿ ಸಾರ್’ ಎಂದು ಕೇಳಲು, ತನ್ನನ್ನು ಮೂರು ವರ್ಷ ಬಲ್ಲ ಒಬ್ಬ ಅಧ್ಯಾಪಕ ಬೇಕು. ಅತಿಥಿ ಎಂದು ಕರೆಸಿಕೊಂಡವರು ಮುಂದಿನ ವರ್ಷ ಅಲ್ಲಿರುವುದಿಲ್ಲ.

ಕಸುಬಿನ ಶಿಕ್ಷಣದ ಬಗ್ಗೆಯೂ ಒಂದು ಮಾತು. ಕಲಾ ವಿಭಾಗದ ಅಧ್ಯಾಪಕರೆಲ್ಲ ಅದನ್ನು ಹಗುರವಾಗಿ ಕಾಣುತ್ತಾರೆಂಬ ಭಾವನೆಯಿದೆ. ನನ್ನ ಅನುಭವದಲ್ಲಿ, ಎಸ್ಸೆಸ್ಸೆಲ್ಸಿ ನಂತರ ಸರ್ಕಾರಿ ಪಾಲಿಟೆಕ್ನಿಕ್ ಸೇರಿ, ಡಿಪ್ಲೊಮಾ ಮುಗಿಸಿ, ಲ್ಯಾಟರಲ್ ಎಂಟ್ರಿಯಲ್ಲಿ ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಹೋದ ಹಳ್ಳಿ ಹುಡುಗರು ಪಿಯುಸಿ ಮೂಲಕ ಹೋದವರಿಗಿಂತ ಕೆಲಸದಲ್ಲಿ ಒಂದು ಕೈ ಮೇಲಾಗಿದ್ದಾರೆ. 1972ರಲ್ಲಿ ಡೆನ್ಮಾರ್ಕ್‌ನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾಗಿ ಈಗ ಹಲವು ಜಿಲ್ಲೆಗಳಿಗೆ ಹರಡಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಕೋರ್ಸುಗಳ ಬಗ್ಗೆ ನಮ್ಮ ತಂದೆತಾಯಿಗಳಲ್ಲಿ ಬಹುಮಂದಿಗೆ ಗೊತ್ತೇ ಇಲ್ಲ. ಈಚೆಗೆ ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಸೇರಿಸಿದ ಬಿ.ಕಾಂ. ಪದವಿಗಳೂ ಬಂದಿವೆ, ಓದುತ್ತಲೇ ಭತ್ಯೆ ಸಿಗುವುದು ಬಡ ವಿದ್ಯಾರ್ಥಿಗೆ ದೊಡ್ಡ ಆಸರೆ. ನನ್ನ ಆತಂಕ ಇಷ್ಟು: ಕಾರ್ಖಾನೆ, ಗೋದಾಮು, ಮಾಲ್‌ಗಳು ಹತ್ತಿರವಿಲ್ಲದ ತಾಲ್ಲೂಕಿನಲ್ಲಿ ಈ ವಿದ್ಯಾರ್ಥಿಗಳು ತರಬೇತಿಗೆ ಹೋಗುವುದೆಲ್ಲಿಗೆ? ಬೆಂಗಳೂರಿಗೆ ಹೋದರೆ ಬಾಡಿಗೆಗೇ ಭತ್ಯೆ ಮುಗಿಯುತ್ತದೆ. ನಮ್ಮ ಊರಿನ ಸಹಕಾರ ಸಂಘ, ಎಪಿಎಂಸಿ, ಹಾಲು ಒಕ್ಕೂಟದ ಘಟಕ, ಗ್ರಾಮ ಪಂಚಾಯಿತಿ ಇವೆಲ್ಲ ಲೆಕ್ಕ ಬರೆಯುವ, ದಾಖಲೆ ಇಡುವ ಜಾಗಗಳೇ. ವಿದ್ಯಾರ್ಥಿಗಳನ್ನು ಮೊದಲು ಅಲ್ಲಿಗೆ ಕಳುಹಿಸಬಹುದು.

ಆನ್‌ಲೈನ್ ಶಿಕ್ಷಣ ಬಂದಿರುವಾಗ ಊರಿನ ಕಾಲೇಜಿನ ಚಿಂತೆ ಏಕೆ ಎನ್ನುವವರಿದ್ದಾರೆ. ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ವೇದಿಕೆಯಲ್ಲಿ ಉಚಿತ ಪಾಠಗಳಿವೆ, ಮದ್ರಾಸ್ ಐಐಟಿ ಜೆಇಇ ಇಲ್ಲದೆಯೇ ಆನ್‌ಲೈನ್ ಬಿ.ಎಸ್. ಪದವಿ ಕೊಡುತ್ತಿದೆ, ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ 2025ರಲ್ಲಿ ಒಪ್ಪಿಗೆ ಸಿಕ್ಕಿದೆ. ಇವೆಲ್ಲ ಒಳ್ಳೆಯವೇ. ಆದರೆ ಇವೆಲ್ಲವೂ ಇಂಗ್ಲಿಷ್ ಬಲ್ಲವರಿಗೆ, ಮನೆಯಲ್ಲಿ ಒಂದು ಕಂಪ್ಯೂಟರ್ ಮತ್ತು ಒಂದು ಮೂಲೆ ಇರುವವರಿಗೆ ತೆರೆದ ಬಾಗಿಲುಗಳು. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಓದಿ ಬಂದವರಿಗೆ ದೂರಶಿಕ್ಷಣದ ದಾರಿ ಎಂದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೊಂದೇ. ಅದರ ಮಾನ್ಯತೆಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2013-14ರಿಂದ ಅನ್ವಯವಾಗುವಂತೆ ರದ್ದು ಮಾಡಿ 2018ರಲ್ಲಿ ಮರಳಿ ಕೊಡುವವರೆಗೆ, ದುಡಿಯುತ್ತಲೇ ಓದುತ್ತಿದ್ದ ಸಾವಿರಾರು ಮಂದಿ ಅತಂತ್ರರಾಗಿದ್ದರು. ಅಂಗನವಾಡಿ ಕಾರ್ಯಕರ್ತೆಯರು, ಬಸ್ ಕಂಡಕ್ಟರುಗಳು, ಪೊಲೀಸ್ ಕಾನ್‌ಸ್ಟೇಬಲ್‌ಗಳು ಓದುವ ವಿಶ್ವವಿದ್ಯಾಲಯ ಅದು. ಹೊಸ ಆಯ್ಕೆಗಳ ಸಂಭ್ರಮದ ಮುಂದೆ ಆ ಸಂಕಟಕ್ಕೆ ಪತ್ರಿಕೆಗಳಲ್ಲಿ ಸಿಕ್ಕ ಜಾಗ ಬಹಳ ಕಡಿಮೆ.

ಹೊಸ ವಿಶ್ವವಿದ್ಯಾಲಯಗಳ ಕಥೆಯೂ ಇದಕ್ಕೆ ಸೇರಿದ್ದು. ಬೀದರ್, ಕೊಪ್ಪಳ, ಬಾಗಲಕೋಟೆ, ಹಾವೇರಿ, ಹಾಸನ, ಚಾಮರಾಜನಗರ, ಕೊಡಗುಗಳಲ್ಲಿ ಜಿಲ್ಲೆಗೊಂದು ವಿಶ್ವವಿದ್ಯಾಲಯವೆಂದು ತೆರೆದು ಎರಡು ವರ್ಷ ಕಳೆಯುವಷ್ಟರಲ್ಲಿ, 2025ರ ಫೆಬ್ರವರಿಯಲ್ಲಿ, ಹಣವಿಲ್ಲವೆಂದು ಬೀದರ್ ಒಂದನ್ನು ಬಿಟ್ಟು ಉಳಿದವುಗಳನ್ನೂ ಸೇರಿಸಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಸಂಪುಟ ಉಪಸಮಿತಿಯಿಂದ ಬಂತು. ಹಣ, ಹುದ್ದೆಗಳಿಲ್ಲದೆ ತೆರೆದದ್ದು ಒಂದು ತಪ್ಪು. ತೆರೆದ ಮೇಲೆ ಅಲ್ಲಿ ಸೇರಿದ ವಿದ್ಯಾರ್ಥಿಗಳನ್ನು ಕೇಳದೆ ಮುಚ್ಚುವ ಮಾತಾಡಿದ್ದು ಇನ್ನೊಂದು.

ಸರ್ಕಾರ ಯುವನಿಧಿಯಡಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಎರಡು ವರ್ಷದವರೆಗೆ ಕೊಡುತ್ತಿದೆ. ಆ ನೆರವನ್ನು ನಾನು ಸ್ವಾಗತಿಸುತ್ತೇನೆ. ಪದವಿ ಮುಗಿದ ಮೇಲೆ ಕೊಡುವ ಈ ಕಾಳಜಿಯ ಒಂದು ಭಾಗ ಪದವಿ ಓದುವ ಮೂರು ವರ್ಷಗಳಿಗೂ ಸಿಗಲಿ ಎಂಬುದು ನನ್ನ ಬೇಡಿಕೆ.

ಉನ್ನತ ಶಿಕ್ಷಣ ಇಲಾಖೆಯ ಗಮನಕ್ಕೆ ತಮ್ಮ ಪತ್ರಿಕೆಯ ಮೂಲಕ ನಾನು ತರಬಯಸುವುದು ಇದು. ಯಾವುದೇ ತಾಲ್ಲೂಕಿನ ಏಕೈಕ ಬಿ.ಎಸ್ಸಿ. ಕಾಂಬಿನೇಷನ್ನನ್ನಾಗಲಿ, ಕನ್ನಡ, ಚರಿತ್ರೆ, ಅರ್ಥಶಾಸ್ತ್ರದಂತಹ ಐಚ್ಛಿಕ ವಿಷಯವನ್ನಾಗಲಿ ಒಂದು ವರ್ಷದ ಪ್ರವೇಶ ಸಂಖ್ಯೆಯ ಆಧಾರದ ಮೇಲೆ ಮುಚ್ಚಬಾರದು. ಕನಿಷ್ಠ ಐದು ವರ್ಷಗಳ ಸಂಖ್ಯೆಯನ್ನೂ, ಆ ತಾಲ್ಲೂಕಿನ ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳ ಅಗತ್ಯವನ್ನೂ ನೋಡಿ, ಪೋಷಕರ ಮಾತು ಕೇಳಿ ತೀರ್ಮಾನಿಸಬೇಕು. ಮುಚ್ಚುವುದು ಅನಿವಾರ್ಯವಾದರೆ, ಆ ವಿಷಯಕ್ಕೆ ಅರ್ಜಿ ಹಾಕಿದ ಹುಡುಗಿಯರಿಗೆ ಜಿಲ್ಲಾ ಕೇಂದ್ರದ ಹಾಸ್ಟೆಲ್‌ನಲ್ಲಿ ಸೀಟು ಕೊಟ್ಟ ಮೇಲೆಯೇ ಮುಚ್ಚಬೇಕು. ಅಕ್ಕಪಕ್ಕದ ಎರಡು ಮೂರು ಕಾಲೇಜುಗಳು ಸೇರಿ ಒಬ್ಬ ಗಣಿತ ಅಧ್ಯಾಪಕರನ್ನು, ಒಂದು ಪ್ರಯೋಗಾಲಯವನ್ನು ಹಂಚಿಕೊಳ್ಳುವ ವ್ಯವಸ್ಥೆ ಮಾಡಿದರೆ ಒಂಬತ್ತು ಮಂದಿಯ ತರಗತಿಯೂ ಅಷ್ಟು ದುಬಾರಿಯಾಗುವುದಿಲ್ಲ. ಅಧ್ಯಾಪಕರು ವಾರಕ್ಕೆ ಎರಡು ದಿನ ನಲವತ್ತು ಕಿಲೋಮೀಟರ್ ಪ್ರಯಾಣ ಮಾಡುವುದು ಹದಿನೆಂಟರ ಹುಡುಗಿ ಪ್ರತಿದಿನ ಮಾಡುವುದಕ್ಕಿಂತ ಸುಲಭ. ನನ್ನ ಸೇವೆಯ ಮಧ್ಯದಲ್ಲಿ ಎರಡು ವರ್ಷ ನಾನೇ ಹಾಗೆ ನಿಯೋಜನೆಯ ಮೇಲೆ ಎರಡು ಕಾಲೇಜುಗಳಲ್ಲಿ ಪಾಠ ಮಾಡಿದ್ದೇನೆ, ಅದರಿಂದ ಯಾವ ತೊಂದರೆಯೂ ಆಗಲಿಲ್ಲ.

ಪತ್ರಿಕೆಗಳಲ್ಲಿಯೂ ಒಂದು ವಿನಂತಿ. ಪ್ರತಿವರ್ಷ ಫಲಿತಾಂಶದ ನಂತರ ಪ್ರಕಟಿಸುವ ಮಾರ್ಗದರ್ಶಿ ಪುಟಗಳಲ್ಲಿ, ಆಯಾ ಜಿಲ್ಲೆಯ ಆವೃತ್ತಿಗೆ ತಕ್ಕಂತೆ, ಯಾವ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ನಡೆಯುತ್ತಿದೆ, ಯಾವುದಕ್ಕೆ ಕಾಯಂ ಅಧ್ಯಾಪಕರಿದ್ದಾರೆ, ಹತ್ತಿರದ ಪಾಲಿಟೆಕ್ನಿಕ್, ಐಟಿಐಗಳಲ್ಲಿ ಯಾವ ಟ್ರೇಡ್‌ಗಳಿವೆ, ಹಾಸ್ಟೆಲ್ ಅರ್ಜಿಗೆ ಕೊನೆಯ ದಿನ ಯಾವುದು ಎಂಬ ಒಂದು ಪುಟವನ್ನೂ ಸೇರಿಸಿ. ನಮ್ಮ ಬೀದಿಯ ಹುಡುಗಿಯ ತಮ್ಮ ಈಗ ದ್ವಿತೀಯ ಪಿಯುಸಿಯಲ್ಲಿದ್ದಾನೆ, ಅವನಿಗೂ ಗಣಿತವೆಂದರೆ ಇಷ್ಟ. ಅವನ ತಂದೆ ಮೊನ್ನೆ ನನ್ನ ಬಳಿ ಬಂದು, ಇಲ್ಲಿ ಬಿ.ಎಸ್ಸಿ. ಮತ್ತೆ ಶುರುವಾಗುತ್ತದೆಯೇ ಎಂದು ಕೇಳಿದರು. ಕಾಲೇಜಿನಲ್ಲಿ ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕ,
ಚಿತ್ರದುರ್ಗ ಜಿಲ್ಲೆ